ಅಪ್ಪ ಬೇಡ ಅಂತಾರೆ, ಗೆಳೆಯ ತಗೋ ಅಂತಾನೆ: ಮೊದಲ ಕ್ರೆಡಿಟ್ ಕಾರ್ಡ್ ಹೇಗೆ?

ಪ್ರಶ್ನೆ: ನಾನು ಧಾರವಾಡದಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ವಯಸ್ಸು 20. ಊರು ನವಲಗುಂದದ ಹತ್ತಿರ, ಅಪ್ಪ ರೈತರು. ಪ್ರತಿ ವರ್ಷ ಸೊಸೈಟಿಯಲ್ಲಿ ಬೆಳೆ ಸಾಲ ತೆಗೆಯುತ್ತಾರೆ, ಅದನ್ನು ಬಿಟ್ಟರೆ ಬೇರೆ ಸಾಲ ಮಾಡಿದವರಲ್ಲ. ಮನೆಯಿಂದ ತಿಂಗಳಿಗೆ 7,000 ರೂಪಾಯಿ ಬರುತ್ತದೆ. ಸಂಜೆ ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ 4,000 ರೂಪಾಯಿ ದುಡಿಯುತ್ತೇನೆ. ಖಾತೆಯಲ್ಲಿ 22,000 ರೂಪಾಯಿ ಉಳಿದಿದೆ. ಹೋದ ವಾರ ಕಾಲೇಜಿನ ಗೇಟ್ ಹತ್ತಿರ ಟೇಬಲ್ ಹಾಕಿಕೊಂಡು ಕೂತವರು ‘ಲೈಫ್‌ಟೈಮ್ ಫ್ರೀ ಕ್ರೆಡಿಟ್ ಕಾರ್ಡ್, ಜತೆಗೊಂದು ಬ್ಯಾಗ್’ ಅಂದರು. ರೂಮ್‌ಮೇಟ್ ‘ತಗೋ, ಸಿಬಿಲ್ ಸ್ಕೋರ್ (ಸಾಲ ಕಟ್ಟುವ ಶಿಸ್ತಿಗೆ ಸಿಗುವ ಅಂಕ) ಬೆಳೆಯುತ್ತೆ’ ಅಂತಾನೆ. ಅಪ್ಪ ‘ಸಾಲದ ಚೀಟಿ ಕಿಸೆದಾಗ ಇಟ್ಕೊಂಡು ತಿರುಗಬ್ಯಾಡ’ ಅಂತಾರೆ. ಮುಂದೆ ಎಂ.ಟೆಕ್‌ಗೆ ಸಾಲ ಬೇಕಾಗಬಹುದು. ಕಾರ್ಡ್ ತಗೊಳ್ಳಲೇ? ಯಾವುದು? ಹೇಗೆ ಬಳಸಬೇಕು?

ಉತ್ತರ: ಕಾರ್ಡ್ ತಗೊಳ್ಳಿ. ಆದರೆ ಆ ಟೇಬಲ್ಲಿನವರ ಹತ್ತಿರ ಬೇಡ. ನಿಮ್ಮ 22,000 ರೂಪಾಯಿಯಲ್ಲಿ 15,000ಕ್ಕೆ ಒಂದು ಎಫ್‌ಡಿ (ನಿಶ್ಚಿತ ಠೇವಣಿ) ಮಾಡಿಸಿ, ಆ ಎಫ್‌ಡಿ ಮೇಲೆ ಕಾರ್ಡ್ ಕೇಳಿ. ಕಾರ್ಡ್ ಕೈಗೆ ಬಂದ ದಿನವೇ ಪೂರ್ತಿ ಬಿಲ್ ನಿಮ್ಮ ಖಾತೆಯಿಂದ ತಾನಾಗಿ ಕಟ್ಟಾಗುವ ಹಾಗೆ ಬರೆದುಕೊಡಿ. ನನ್ನ ಸಲಹೆ ಇಷ್ಟೇ. ಆದರೆ ಯಾಕೆ ಅಂತ ಗೊತ್ತಿಲ್ಲದೆ ಒಪ್ಪಿಕೊಂಡ ಸಲಹೆ, ಮುಂದಿನ ಆಫರ್ ಬಂದ ಕೂಡಲೇ ಮರೆತುಹೋಗುತ್ತದೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಾನು 26 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಹೆಚ್ಚಿನ ಕಾಲ ಸಾಲದ ವಿಭಾಗದಲ್ಲಿ. ಸಾಲ ಕೇಳಿ ಬಂದವರ ಕ್ರೆಡಿಟ್ ರಿಪೋರ್ಟ್, ಅಂದರೆ ಹಿಂದೆ ಯಾವ ಸಾಲ ತಗೊಂಡರು, ಹೇಗೆ ಕಟ್ಟಿದರು ಅನ್ನುವ ದಾಖಲೆ, ತೆಗೆದು ನೋಡುವುದು ದಿನದ ಕೆಲಸವಾಗಿತ್ತು. ಒಬ್ಬ ಹುಡುಗ ಈಗಲೂ ಕಣ್ಣ ಮುಂದೆ ಬರುತ್ತಾನೆ. ಒಳ್ಳೆ ಕೆಲಸ, ಒಳ್ಳೆ ಸಂಬಳ. ಮನೆ ಸಾಲಕ್ಕೆ ಅಂತ ಅಪ್ಪ ಅಮ್ಮನನ್ನೂ ಕರೆದುಕೊಂಡು ಬಂದಿದ್ದ. ರಿಪೋರ್ಟಿನಲ್ಲಿ ನೋಡಿದರೆ ಹಳೆಯ ಕ್ರೆಡಿಟ್ ಕಾರ್ಡಿನದೊಂದು ಬಾಕಿ. ಕಾಲೇಜಿನಲ್ಲಿದ್ದಾಗ ತಗೊಂಡ ಕಾರ್ಡು. ಒಂದು ಸಲ ಬಳಸಿ, ಆ ದುಡ್ಡು ಕಟ್ಟಿ, ಡ್ರಾಯರಿಗೆ ಹಾಕಿದ್ದ. ಎರಡನೇ ವರ್ಷಕ್ಕೆ ವಾರ್ಷಿಕ ಶುಲ್ಕ 500 ರೂಪಾಯಿ ಬಿತ್ತು, ಜಿಎಸ್‌ಟಿ ಸೇರಿ 590. ಅಷ್ಟರಲ್ಲಿ ಫೋನ್ ನಂಬರ್ ಬದಲಾಗಿತ್ತು, ಬಿಲ್ಲು ಅವನು ತೆರೆಯದ ಹಳೇ ಮೇಲ್‌ಗೆ ಹೋಗುತ್ತಿತ್ತು. ತಡವಾದದ್ದಕ್ಕೆ ಶುಲ್ಕ, ಅದರ ಮೇಲೆ ಬಡ್ಡಿ ಅಂತ ಬೆಳೆದು ಬಾಕಿ ಹಲವು ಸಾವಿರಕ್ಕೆ ಬಂದು ನಿಂತಿತ್ತು. ದುಡ್ಡನ್ನು ಅವನು ಅವತ್ತೇ ಕಟ್ಟಿದ. ಆದರೆ ರಿಪೋರ್ಟ್ ಸರಿಹೋಗಲು ತಿಂಗಳುಗಟ್ಟಲೆ ಹಿಡಿಯಿತು, ಅಷ್ಟರಲ್ಲಿ ಅವರು ನೋಡಿದ್ದ ಮನೆ ಬೇರೆಯವರ ಪಾಲಾಯಿತು. ‘590 ರೂಪಾಯಿಗೆ ಮನೆ ನಿಂತುಹೋಗುತ್ತಾ ಸರ್?’ ಅಂತ ಅವನ ತಾಯಿ ಕೇಳಿದ್ದರು. ಆ ಹುಡುಗ ದುಂದು ಮಾಡಿದವನಲ್ಲ, ಮೋಸ ಮಾಡಿದವನೂ ಅಲ್ಲ. ಕಾರ್ಡ್ ಅನ್ನುವುದು ಹೇಗೆ ನಡೆಯುತ್ತದೆ ಅಂತ ಅವನಿಗೆ ಯಾರೂ ಕೂತು ಹೇಳಿರಲಿಲ್ಲ, ಅಷ್ಟೇ.

ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ನಿಮ್ಮ ತಂದೆಯವರಿಗೆ ಇದು ಗೊತ್ತಿರುವ ವಿಷಯ

ತಂದೆಯವರ ಮಾತನ್ನು ಹಳೇ ಕಾಲದ ಮಾತು ಅಂತ ತಳ್ಳಿಹಾಕಬೇಡಿ. ಕ್ರೆಡಿಟ್ ಕಾರ್ಡ್ ಸಾಲವೇ. ಡೆಬಿಟ್ ಕಾರ್ಡಿನಲ್ಲಿ ನಿಮ್ಮ ದುಡ್ಡು ಹೋಗುತ್ತದೆ, ಕ್ರೆಡಿಟ್ ಕಾರ್ಡಿನಲ್ಲಿ ಬ್ಯಾಂಕಿನ ದುಡ್ಡು ಹೋಗುತ್ತದೆ.

ಸೊಸೈಟಿಯ ಶೂನ್ಯ ಬಡ್ಡಿ ಬೆಳೆ ಸಾಲ ಹೇಗಿರುತ್ತದೆ ಅಂತ ಅವರನ್ನೇ ಕೇಳಿ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ. ಗಡುವು ದಾಟಿತೋ, ಆ ರಿಯಾಯಿತಿ ಹೋಯಿತು. ಅದಕ್ಕೇ ಊರಲ್ಲಿ ಎಷ್ಟೋ ಜನ ಕೈಗಡ ತಂದಾದರೂ ಗಡುವಿನ ದಿನದೊಳಗೆ ಸೊಸೈಟಿಗೆ ಕಟ್ಟಿಬಿಡುತ್ತಾರೆ. ಕ್ರೆಡಿಟ್ ಕಾರ್ಡ್ ಕೂಡ ಥೇಟ್ ಹಾಗೇ. ಸೊಸೈಟಿಯಲ್ಲಿ ಗಡುವು ವರ್ಷಕ್ಕೊಮ್ಮೆ ಬರುತ್ತದೆ, ಇಲ್ಲಿ ತಿಂಗಳಿಗೊಮ್ಮೆ. ಇನ್ನು ಗಡುವು ತಪ್ಪಿದರೆ ಬೀಳುವ ಬಡ್ಡಿ, ಅದರ ಹತ್ತಿರಕ್ಕೂ ಸೊಸೈಟಿ ಬಡ್ಡಿ ಬರುವುದಿಲ್ಲ. ಹೆಚ್ಚಿನ ಕಾರ್ಡುಗಳಲ್ಲಿ ತಿಂಗಳಿಗೆ ಶೇ. 3.5ರ ಆಸುಪಾಸು, ಅಂದರೆ ವರ್ಷಕ್ಕೆ ಶೇ. 42. ಅದರ ಮೇಲೆ ಶೇ. 18 ಜಿಎಸ್‌ಟಿ. ಶೇ. 30ಕ್ಕಿಂತ ಜಾಸ್ತಿ ಬಡ್ಡಿ ಹಾಕುವುದು ಅನ್ಯಾಯ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಹಾಗಾಗಿ ಯಾರೋ ಮೇಲಿನವರು ಬಡ್ಡಿಗೆ ಲಗಾಮು ಹಾಕಿರುತ್ತಾರೆ ಅಂತ ನಂಬಿ ಕೂರುವ ಹಾಗಿಲ್ಲ.

ಈಗ ತಾರೀಖಿನ ಲೆಕ್ಕ. ನಿಮ್ಮ ಬಿಲ್ಲು ಪ್ರತಿ ತಿಂಗಳು 5ಕ್ಕೆ ಬರುತ್ತದೆ, ಕಟ್ಟಲು 25ರವರೆಗೆ ಸಮಯ ಅಂತ ಇಟ್ಟುಕೊಳ್ಳಿ. ಜೂನ್ 6ರಿಂದ ಜುಲೈ 5ರವರೆಗೆ ಖರ್ಚು ಮಾಡಿದ್ದೆಲ್ಲ ಜುಲೈ 5ರ ಬಿಲ್ಲಿಗೆ ಬರುತ್ತದೆ. ಜೂನ್ 6ಕ್ಕೆ ತಗೊಂಡ ವಸ್ತುವಿಗೆ ಜುಲೈ 25ರವರೆಗೆ, ಅಂದರೆ 49 ದಿನ ಬಡ್ಡಿ ಇಲ್ಲ. ಜುಲೈ 4ಕ್ಕೆ ತಗೊಂಡದ್ದಕ್ಕೆ 21 ದಿನ ಮಾತ್ರ. ‘50 ದಿನ ಬಡ್ಡಿ ಇಲ್ಲ’ ಅಂತ ಜಾಹೀರಾತಿನಲ್ಲಿ ಹೇಳುತ್ತಾರಲ್ಲ, ಅದು ಎಲ್ಲ ಖರ್ಚಿಗೂ ಅಲ್ಲ, ಬಿಲ್ಲಿನ ಅವಧಿಯ ಮೊದಲ ದಿನ ಮಾಡಿದ ಖರ್ಚಿಗೆ. ಎಟಿಎಂನಿಂದ ನಗದು ತೆಗೆದರೆ ಈ ಸೌಲಭ್ಯವೇ ಇಲ್ಲ. ಅವತ್ತಿನಿಂದಲೇ ಬಡ್ಡಿ, ಮೇಲೆ ಒಂದು ಶುಲ್ಕ. ಕ್ರೆಡಿಟ್ ಕಾರ್ಡನ್ನು ಎಟಿಎಂ ಮೆಷಿನ್ನಿಗೆ ಹಾಕಲೇಬೇಡಿ.

600 ರೂಪಾಯಿ ಕಟ್ಟಿದರೂ ಬೆಳೆದ ಸಾಲ

ಈ ಉತ್ತರದಲ್ಲಿ ಬೇರೆ ಏನನ್ನು ಮರೆತರೂ ಪರವಾಗಿಲ್ಲ, ಈ ಭಾಗವನ್ನು ಮಾತ್ರ ಪೆನ್ನು ಕಾಗದ ಹಿಡಿದು ಓದಿ.

ಬಿಲ್ಲಿನಲ್ಲಿ ಎರಡು ಮೊತ್ತ ಇರುತ್ತವೆ. ಒಂದು ‘ಟೋಟಲ್ ಅಮೌಂಟ್ ಡ್ಯೂ’, ಅಂದರೆ ಪೂರ್ತಿ ಬಾಕಿ. ಇನ್ನೊಂದು ‘ಮಿನಿಮಮ್ ಅಮೌಂಟ್ ಡ್ಯೂ’, ಅಂದರೆ ಸದ್ಯಕ್ಕೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ. ನೀವು ಜೂನ್ 10ಕ್ಕೆ 12,000 ರೂಪಾಯಿಯ ಫೋನ್ ತಗೊಂಡಿರಿ. ಆ ತಿಂಗಳು ಬೇರೇನೂ ಖರ್ಚಿಲ್ಲ. ಜುಲೈ 5ರ ಬಿಲ್ಲಿನಲ್ಲಿ ಟೋಟಲ್ 12,000, ಮಿನಿಮಮ್ 600 ಅಂತ ಬರುತ್ತದೆ. ‘ಸದ್ಯಕ್ಕೆ 600 ಕಟ್ಟೋಣ, ಉಳಿದದ್ದು ಮುಂದಿನ ತಿಂಗಳು’ ಅಂತ ಜುಲೈ 25ಕ್ಕೆ 600 ಕಟ್ಟಿದಿರಿ. ಮನಸ್ಸಿಗೆ ನೆಮ್ಮದಿ, ಅಲ್ವಾ?

ಆಗಸ್ಟ್ 5ಕ್ಕೆ ಬರುವ ಬಿಲ್ಲು ನೋಡಿ. ಪೂರ್ತಿ ಕಟ್ಟಲಿಲ್ಲ, ಹಾಗಾಗಿ ಬಡ್ಡಿ ಇಲ್ಲದ ಸೌಲಭ್ಯ ಹೋಯಿತು. ಬಡ್ಡಿಯನ್ನು ಜುಲೈ 25ರಿಂದ ಎಣಿಸುವುದಿಲ್ಲ, ಫೋನ್ ತಗೊಂಡ ಜೂನ್ 10ರಿಂದಲೇ ಎಣಿಸುತ್ತಾರೆ. ವರ್ಷಕ್ಕೆ ಶೇ. 42ರ ಲೆಕ್ಕದಲ್ಲಿ 12,000ಕ್ಕೆ 45 ದಿನದ ಬಡ್ಡಿ ಸುಮಾರು 621 ರೂಪಾಯಿ. ಆಮೇಲೆ ಉಳಿದ 11,400ಕ್ಕೆ 11 ದಿನದ ಬಡ್ಡಿ 144. ಒಟ್ಟು 765 ರೂಪಾಯಿ ಮೇಲೆ ಚಿಲ್ಲರೆ, ಅದಕ್ಕೆ ಜಿಎಸ್‌ಟಿ 138. ಎಲ್ಲ ಸೇರಿ ಹೊಸ ಬಾಕಿ 12,304 ರೂಪಾಯಿ. ಬ್ಯಾಂಕಿನಿಂದ ಬ್ಯಾಂಕಿಗೆ ಒಂದೆರಡು ರೂಪಾಯಿ ಆಚೀಚೆ ಆಗಬಹುದು, ಆದರೆ ಲೆಕ್ಕದ ರೀತಿ ಇದು.

600 ಕಟ್ಟಿದ ಮೇಲೆ ಸಾಲ 304 ರೂಪಾಯಿ ಜಾಸ್ತಿ ಆಗಿದೆ. ಇಷ್ಟಕ್ಕೇ ಮುಗಿಯಲಿಲ್ಲ. ಹಳೇ ಬಾಕಿ ಪೂರ್ತಿ ತೀರುವವರೆಗೆ ಹೊಸ ಖರ್ಚಿಗೂ ಬಡ್ಡಿ ಇಲ್ಲದ ದಿನಗಳು ಸಿಗುವುದಿಲ್ಲ. ಜುಲೈ 30ಕ್ಕೆ 400 ರೂಪಾಯಿಯ ಪುಸ್ತಕ ತಗೊಂಡರೂ ಅದಕ್ಕೆ ಅವತ್ತಿನಿಂದಲೇ ಬಡ್ಡಿ.

ನಾನು ಈ ಲೆಕ್ಕವನ್ನು ಕೌಂಟರಿನಲ್ಲಿ ಎಷ್ಟೋ ಜನರಿಗೆ ಕಾಗದದ ಮೇಲೆ ಬರೆದು ತೋರಿಸಿದ್ದೇನೆ. ಸಂಬಳ ತರುವವರು, ಅಂಗಡಿ ನಡೆಸುವವರು, ಮೇಷ್ಟ್ರುಗಳು. ಹೆಚ್ಚಿನವರು ‘ತಿಂಗಳು ತಿಂಗಳು ತಪ್ಪದೆ ಕಟ್ತಿದ್ದೀನಲ್ಲ ಸರ್, ಸಾಲ ಯಾಕೆ ಕರಗ್ತಿಲ್ಲ?’ ಅಂತ ಕೇಳುತ್ತ ಬಂದವರೇ. ಅವರೆಲ್ಲ ತಪ್ಪದೆ ಕಟ್ಟುತ್ತಿದ್ದದ್ದು ಮಿನಿಮಮ್.

ಹಾಗಾದರೆ ಮಿನಿಮಮ್ ಯಾಕಿದೆ? ಅದನ್ನು ಕಟ್ಟಿದರೆ ತಡ ಶುಲ್ಕ ಬೀಳುವುದಿಲ್ಲ, ರಿಪೋರ್ಟಿನಲ್ಲಿ ‘ಬಾಕಿ ಉಳಿಸಿಕೊಂಡಿದ್ದಾನೆ’ ಅಂತ ದಾಖಲಾಗುವುದಿಲ್ಲ. ಆಸ್ಪತ್ರೆ ಖರ್ಚಿನಂಥದ್ದು ಬಂದು ಒಂದು ತಿಂಗಳು ಕೈ ಕಟ್ಟಿಹೋದರೆ ಅಷ್ಟಾದರೂ ಕಟ್ಟಬೇಕು, ಕಟ್ಟದೆ ಸುಮ್ಮನಿರಬಾರದು. ಅದು ಬಿಟ್ಟು ಬೇರೆ ಉಪಯೋಗ ಅದಕ್ಕಿಲ್ಲ.

ಆ ಟೇಬಲ್ ಯಾಕೆ ಬೇಡ

ಟೇಬಲ್ಲಿನಲ್ಲಿ ಕೂತ ಹುಡುಗ ಹುಡುಗಿಯರಿಗೆ ಇಂತಿಷ್ಟು ಕಾರ್ಡು ಮಾಡಿಸಲೇಬೇಕು ಅಂತ ಗುರಿ ಇರುತ್ತದೆ. ಅವರ ಕಷ್ಟ ನನಗೆ ಗೊತ್ತು, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಿಮಗೆ ಖಾಯಂ ಆದಾಯ ಇಲ್ಲ. ಅಡಮಾನ ಇಲ್ಲದ ಕಾರ್ಡ್ ಕೊಡಲು ಬ್ಯಾಂಕು ಆದಾಯ ಕೇಳುತ್ತದೆ. ಆಗ ಫಾರಂನಲ್ಲಿ ‘ಖಾಸಗಿ ಉದ್ಯೋಗ, ತಿಂಗಳಿಗೆ 25,000’ ಅಂತ ಅವರೇ ತುಂಬಿ ‘ಇಲ್ಲಿ ಸೈನ್ ಮಾಡಿ’ ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಹಿ ನಿಮ್ಮದು, ಪ್ಯಾನ್ ನಿಮ್ಮದು, ಸುಳ್ಳು ಹೇಳಿದವರೂ ನೀವೇ ಆಗುತ್ತೀರಿ. ಅರ್ಜಿ ತಿರಸ್ಕಾರ ಆದರೂ ಬ್ಯಾಂಕು ನಿಮ್ಮ ರಿಪೋರ್ಟ್ ತೆಗೆದು ನೋಡಿದ್ದು ದಾಖಲಾಗಿರುತ್ತದೆ. ಒಂದು ಕಡೆ ಆಗಲಿಲ್ಲ ಅಂತ ನಾಲ್ಕು ಕಡೆ ಅರ್ಜಿ ಹಾಕಿದರೆ, ಸಾಲಕ್ಕೆ ಅಲೆಯುತ್ತಿರುವವನ ಹಾಗೆ ಕಾಣುತ್ತೀರಿ.

‘ಲೈಫ್‌ಟೈಮ್ ಫ್ರೀ’ ಅನ್ನುವ ಬಾಯಿಮಾತಿಗೂ ಬೆಲೆ ಇಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಅರ್ಜಿಯ ಜತೆಗೆ ಒಂದು ಪುಟದ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಕೊಡಲೇಬೇಕು. ಬಡ್ಡಿ ದರ, ಶುಲ್ಕ ಎಲ್ಲ ಅದರಲ್ಲಿರುತ್ತದೆ. ವಾರ್ಷಿಕ ಶುಲ್ಕದ ಎದುರು ಏನು ಬರೆದಿದೆ ನೋಡಿ. ‘ಮೊದಲ ವರ್ಷ ಇಲ್ಲ’ ಅಂತಲೋ, ‘ವರ್ಷಕ್ಕೆ ಇಷ್ಟು ಖರ್ಚು ಮಾಡಿದರೆ ಮನ್ನಾ’ ಅಂತಲೋ ಇದ್ದರೆ ಅದು ಫ್ರೀ ಅಲ್ಲ. ನಾನು ಹೇಳಿದ ಹುಡುಗನ 590 ರೂಪಾಯಿ ಬಂದದ್ದು ಇಲ್ಲಿಂದಲೇ.

ಎಫ್‌ಡಿ ಮೇಲಿನ ಕಾರ್ಡು

ಎಸ್‌ಬಿಐ ಕಾರ್ಡಿನ ಉನ್ನತಿ, ಐಡಿಎಫ್‌ಸಿ ಫಸ್ಟ್ ಬ್ಯಾಂಕಿನ ವಾವ್, ಆಕ್ಸಿಸ್ ಬ್ಯಾಂಕಿನ ಇನ್‌ಸ್ಟಾ ಈಸಿ ಅಂತೆಲ್ಲ ಹೆಸರು ಕೇಳಿರಬಹುದು. ಎಲ್ಲವೂ ಇದೇ ಜಾತಿ. ನೀವು ಎಫ್‌ಡಿ ಇಡುತ್ತೀರಿ, ಅದು ಕಾರ್ಡಿಗೆ ಭದ್ರತೆ. ಎಫ್‌ಡಿಯ ಮುಕ್ಕಾಲು ಪಾಲಿನಿಂದ ಪೂರ್ತಿ ಮೊತ್ತದವರೆಗೆ ಕಾರ್ಡಿನ ಲಿಮಿಟ್ ಕೊಡುತ್ತಾರೆ. ಸಂಬಳದ ಚೀಟಿ ಕೇಳುವುದಿಲ್ಲ. 18 ತುಂಬಿರಬೇಕು, ಆಧಾರ್ ಪ್ಯಾನ್ ಇರಬೇಕು, ಅಷ್ಟೇ. ಕನಿಷ್ಠ ಎಷ್ಟು ಇಡಬೇಕು ಅನ್ನುವುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ. ಕೆಲವು ಕಡೆ ನಿಮ್ಮ 15,000 ಸಾಲದೆ ಇರಬಹುದು. ಹಾಗಂತ ಪೂರ್ತಿ 22,000 ಕಟ್ಟಿಹಾಕಬೇಡಿ. ಏಳು ಸಾವಿರವಾದರೂ ಕೈಗೆ ಸಿಗುವ ಹಾಗೆ ಖಾತೆಯಲ್ಲಿರಲಿ.

ನೀವು ಈಗಾಗಲೇ ಖಾತೆ ಇಟ್ಟಿರುವ ಬ್ಯಾಂಕಿನಲ್ಲೇ ಮೊದಲು ಕೇಳಿ. ಒಂದೇ ಬ್ಯಾಂಕು ಆದರೆ ಬಿಲ್ ಕಟ್ಟುವುದು ಸುಲಭ, ತಕರಾರು ಬಂದರೆ ಹೋಗಿ ಕೇಳಲು ಒಂದು ಬಾಗಿಲು ಇರುತ್ತದೆ.

ಈ ಕಾರ್ಡನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಎಫ್‌ಡಿಗೆ ಬಡ್ಡಿ ಬರುತ್ತಲೇ ಇರುತ್ತದೆ. ಲಿಮಿಟ್ ಚಿಕ್ಕದು, ಕೈ ಜಾರಿದರೂ ಗುಂಡಿ ಆಳ ಇರುವುದಿಲ್ಲ. ಕಾರ್ಡಿನ ಹಿಂದೆ ನಿಮ್ಮದೇ ಉಳಿತಾಯ ಇದೆ ಅನ್ನುವುದು ತಲೆಯಲ್ಲಿರುತ್ತದೆ. ಕ್ರೆಡಿಟ್ ಬ್ಯೂರೋಗೆ (ಸಿಬಿಲ್‌ನಂಥ, ಸಾಲದ ದಾಖಲೆ ಇಡುವ ಸಂಸ್ಥೆ) ಹೋಗುವ ವರದಿ ಮಾತ್ರ ಬೇರೆ ಕಾರ್ಡುಗಳ ಹಾಗೇ ಹೋಗುತ್ತದೆ. ಆದರೆ ಒಂದು ತಪ್ಪು ತಿಳಿವಳಿಕೆ ಬೇಡ. ‘ಕಟ್ಟದಿದ್ದರೆ ಎಫ್‌ಡಿಯಲ್ಲಿ ಹಿಡ್ಕೋತಾರೆ, ನಂಗೇನು’ ಅಂತ ಬಿಟ್ಟರೆ ಬಡ್ಡಿಯೂ ಬೀಳುತ್ತದೆ, ರಿಪೋರ್ಟೂ ಕೆಡುತ್ತದೆ, ಕೊನೆಗೆ ಎಫ್‌ಡಿಯೂ ಮುರಿಯುತ್ತದೆ.

ತಂದೆ ತಾಯಿ ಕಾರ್ಡ್ ಇಟ್ಟಿರುವ ಬೇರೆ ವಿದ್ಯಾರ್ಥಿಗಳು ‘ಆಡ್ ಆನ್ ಕಾರ್ಡ್ (ತಂದೆ ತಾಯಿಯ ಖಾತೆಗೇ ಸೇರಿದ ಹೆಚ್ಚುವರಿ ಕಾರ್ಡು) ಸಾಕಲ್ವಾ’ ಅಂತ ಕೇಳುತ್ತಾರೆ. ಖರ್ಚಿಗೆ ಸಾಕು. ಆದರೆ ಅದರ ಸಾಲ ತಂದೆಯವರ ಹೆಸರಿನಲ್ಲೇ ಇರುತ್ತದೆ, ನಿಮ್ಮ ಹೆಸರಿಗೆ ಇತಿಹಾಸ ಬೆಳೆಯುವುದಿಲ್ಲ.

ರಿವಾರ್ಡ್ ಪಾಯಿಂಟ್, ಸಿನಿಮಾ ಟಿಕೆಟ್, ಏರ್‌ಪೋರ್ಟ್ ಲೌಂಜ್ ಇವನ್ನು ನೋಡಿ ಕಾರ್ಡ್ ಆರಿಸಬೇಡಿ. ತಿಂಗಳಿಗೆ ಎರಡು ಸಾವಿರ ಖರ್ಚಿಗೆ ಬರುವ ಪಾಯಿಂಟಿನಿಂದ ಒಂದು ಮಸಾಲೆ ದೋಸೆಯೂ ಬರುವುದಿಲ್ಲ.

ಕಾರ್ಡ್ ಬಂದ ಮೊದಲ ದಿನ

ಎರಡು ಕೆಲಸ ಮಾಡಿ. ಮೊದಲನೆಯದು ಆಟೋ ಡೆಬಿಟ್, ಅಂದರೆ ಬಿಲ್ ತಾನಾಗಿ ಖಾತೆಯಿಂದ ಕಟ್ಟಾಗುವ ವ್ಯವಸ್ಥೆ. ಆ ಫಾರಂನಲ್ಲೋ ಆ್ಯಪ್‌ನಲ್ಲೋ ಎರಡು ಚೌಕ ಇರುತ್ತವೆ, ಟೋಟಲ್ ಮತ್ತು ಮಿನಿಮಮ್. ಟೋಟಲ್ ಅನ್ನುವುದಕ್ಕೇ ಟಿಕ್ ಹಾಕಿ. ಹಾಕಿದ ಮೇಲೆ ಇನ್ನೊಮ್ಮೆ ನೋಡಿ. ‘ಆಟೋ ಡೆಬಿಟ್ ಹಾಕಿಸಿದ್ದೆ, ಆದರೂ ಬಡ್ಡಿ ಬಂತು’ ಅಂದವರಲ್ಲಿ ಅನೇಕರು ಮಿನಿಮಮ್‌ಗೆ ಟಿಕ್ ಹಾಕಿದ್ದವರು.

ಜತೆಗೆ ತಾರೀಖು ಹೊಂದಿಸಿಕೊಳ್ಳಿ. ನಿಮಗೆ ಮನೆಯ ದುಡ್ಡು, ಟ್ಯೂಷನ್ ದುಡ್ಡು ತಿಂಗಳ ಮೊದಲ ವಾರ ಬರುತ್ತದೆ ಅಂತ ಅಂದುಕೊಳ್ಳುತ್ತೇನೆ. ಹಾಗಾದರೆ ಬಿಲ್ಲಿನ ಕೊನೆ ದಿನ 25 ಆಗಿದ್ದರೆ ಕಷ್ಟ, ಅಷ್ಟರಲ್ಲಿ ಜೇಬು ಖಾಲಿ. 10ರ ಸುಮಾರಿಗೆ ಇದ್ದರೆ ಸರಿ. ಬಿಲ್ಲಿನ ತಾರೀಖನ್ನು ಕನಿಷ್ಠ ಒಮ್ಮೆ ಬದಲಾಯಿಸಿಕೊಳ್ಳುವ ಹಕ್ಕು ರಿಸರ್ವ್ ಬ್ಯಾಂಕಿನ ನಿಯಮದಲ್ಲೇ ಇದೆ. ಇದನ್ನು ಕೇಳುವವರು ತುಂಬ ಕಡಿಮೆ. ನೀವು ಕೇಳಿ.

ಎರಡನೆಯದು ಸ್ವಿಚ್‌ಗಳು. ಆ್ಯಪ್‌ನಲ್ಲಿ ವಿದೇಶಿ ವ್ಯವಹಾರ, ನಗದು, ಆನ್‌ಲೈನ್, ಟ್ಯಾಪ್ ಮಾಡಿ ಕಟ್ಟುವುದು ಹೀಗೆ ಒಂದೊಂದಕ್ಕೂ ಆನ್ ಆಫ್ ಇರುತ್ತದೆ. ವಿದೇಶಿ ಮತ್ತು ನಗದು ಆಫ್ ಇರಲಿ. ಆನ್‌ಲೈನ್‌ಗೆ 3,000 ರೂಪಾಯಿ ಮಿತಿ ಹಾಕಿ. ಟ್ಯಾಪ್ ಸೌಲಭ್ಯದಲ್ಲಿ 5,000 ರೂಪಾಯಿವರೆಗೆ ಪಿನ್ ಇಲ್ಲದೆಯೇ ದುಡ್ಡು ಹೋಗುತ್ತದೆ, ಅದನ್ನೂ ಬೇಕಾದಾಗ ಮಾತ್ರ ತೆರೆದರೆ ಸಾಕು.

ಇನ್ನು ಬಳಕೆ. ತಿಂಗಳಲ್ಲಿ ಹೇಗೂ ಮಾಡುವ ಖರ್ಚಿನಲ್ಲಿ ಎರಡು ಮೂರನ್ನು ಮಾತ್ರ ಕಾರ್ಡಿಗೆ ಹಾಕಿ. ಮೊಬೈಲ್ ರೀಚಾರ್ಜ್, ಊರಿಗೆ ಹೋಗುವ ಬಸ್ ಟಿಕೆಟ್, ಪುಸ್ತಕ. ಎಲ್ಲ ಸೇರಿ ಎರಡು ಮೂರು ಸಾವಿರ ದಾಟದಿರಲಿ. ಲಿಮಿಟ್ಟಿನ ಶೇ. 30ರೊಳಗೆ ಬಳಸಿದರೆ ಸ್ಕೋರಿಗೂ ಒಳ್ಳೆಯದು ಅನ್ನುತ್ತಾರೆ, 12,000 ಲಿಮಿಟ್ ಇದ್ದರೆ ಅದು 3,600. ಕಾರ್ಡಿನಿಂದ ಖರ್ಚು ಮಾಡಿದ ದಿನವೇ ಅಷ್ಟು ದುಡ್ಡು ಖಾತೆಯಲ್ಲಿ ಇಲ್ಲ ಅಂತ ತಿಳಿದುಕೊಳ್ಳಿ. ನನ್ನ ಮಗಳು ಓದುವಾಗ ಒಂದು ಚಿಕ್ಕ ನೋಟ್‌ಬುಕ್ ಇಟ್ಟಿದ್ದಳು. ಎಡಗಡೆ ಖಾತೆಯಲ್ಲಿರುವ ಮೊತ್ತ, ಬಲಗಡೆ ಕಾರ್ಡಿನ ಖರ್ಚು, ಕೆಳಗೆ ಕಳೆದು ಉಳಿದದ್ದು. ಆ ಕೊನೆಯ ಸಾಲನ್ನೇ ಅವಳು ತನ್ನ ದುಡ್ಡು ಅಂತ ಎಣಿಸುತ್ತಿದ್ದಳು. ಇವತ್ತಿಗೂ ಅದಕ್ಕಿಂತ ಒಳ್ಳೆಯ ಆ್ಯಪ್ ನಾನು ನೋಡಿಲ್ಲ.

ರುಪೇ ಕ್ರೆಡಿಟ್ ಕಾರ್ಡ್ ಆದರೆ ಯುಪಿಐಗೆ ಜೋಡಿಸಿ ಅಂಗಡಿಯ ಕ್ಯೂಆರ್‌ಗೂ ಕಟ್ಟಬಹುದು, 2022ರಿಂದ ಈ ಸೌಲಭ್ಯ ಇದೆ. ಅನುಕೂಲ ಹೌದು. ಆದರೆ ಮೊದಲ ಆರು ತಿಂಗಳು ಜೋಡಿಸಬೇಡಿ ಅಂತ ನನ್ನ ಮಾತು. ಮಿರ್ಚಿ ಮಂಡಕ್ಕಿಗೆ 40, ಜೆರಾಕ್ಸ್‌ಗೆ 25, ಚಹಾಕ್ಕೆ 12 ಅಂತ ಹೋದದ್ದು ಯಾವುದೂ ಸಾಲದ ಹಾಗೆ ಅನಿಸುವುದೇ ಇಲ್ಲ. ಬಿಲ್ಲು ಬಂದಾಗ ಮಾತ್ರ ಗೊತ್ತಾಗುತ್ತದೆ.

‘ನಿನ್ನ ಕಾರ್ಡ್ ಕೊಡೋ, ಇಎಂಐ ನಾನೇ ಕಟ್ತೀನಿ’

ನಿಮಗೆ ಬರುವ ನಿಜವಾದ ಪರೀಕ್ಷೆ ಇದು. ಹಬ್ಬದ ಸೇಲ್ ಬರುತ್ತದೆ, ಯಾವುದೋ ಕಾರ್ಡಿಗೆ ಶೇ. 10 ರಿಯಾಯಿತಿ. ಹಾಸ್ಟೆಲ್ಲಿನಲ್ಲಿ ಕಾರ್ಡ್ ಇರುವವರು ಇಬ್ಬರೋ ಮೂವರೋ. ಗೆಳೆಯ ಬಂದು ಕೇಳುತ್ತಾನೆ. ಅವನು ಮೋಸಗಾರ ಅಲ್ಲ. ಮೊದಲ ಎರಡು ತಿಂಗಳು ಸರಿಯಾಗಿ ಕೊಡುತ್ತಾನೆ. ಮೂರನೇ ತಿಂಗಳು ‘ಮುಂದಿನ ವಾರ ಕೊಡ್ತೀನಿ ಮಗಾ’ ಅಂತಾನೆ. ಪರೀಕ್ಷೆ ಬರುತ್ತದೆ, ರಜೆ ಬರುತ್ತದೆ, ಅವನು ಊರಿಗೆ ಹೋಗುತ್ತಾನೆ. ಬ್ಯಾಂಕಿಗೆ ಗೊತ್ತಿರುವುದು ನಿಮ್ಮ ಹೆಸರು ಮಾತ್ರ. ದುಡ್ಡು ನೀವು ಕಟ್ಟುತ್ತೀರಿ, ಗೆಳೆತನ ಹೋಗುತ್ತದೆ. ಇಂಥ ಜಗಳಗಳು ನನ್ನ ಟೇಬಲ್ಲಿನ ತನಕ ಬಂದಿವೆ. ಇಬ್ಬರೂ ಒಳ್ಳೆಯ ಹುಡುಗರೇ ಆಗಿದ್ದಾಗ ನೋಡಲು ಇನ್ನೂ ಬೇಜಾರು.

ಕೇಳಿದಾಗ ಏನು ಹೇಳಬೇಕು ಅಂತ ಈಗಲೇ ತಯಾರಿರಲಿ. ‘ಅಪ್ಪನಿಗೆ ಮಾತು ಕೊಟ್ಟಿದ್ದೀನಿ, ಬೇರೆಯವರಿಗೆ ಬಳಸಲ್ಲ ಅಂತ.’ ತಂದೆಯವರಿಗೆ ನಿಜವಾಗಿಯೂ ಆ ಮಾತು ಕೊಡಿ, ಆಗ ಇದು ಸುಳ್ಳೂ ಆಗುವುದಿಲ್ಲ.

ನಿಮಗೇ ಅಂತ ಇಎಂಐ (ತಿಂಗಳ ಕಂತು) ಮಾಡುವಾಗಲೂ ಹುಷಾರು. ‘ನೋ ಕಾಸ್ಟ್’ ಅಂದರೂ ಪ್ರೊಸೆಸಿಂಗ್ ಶುಲ್ಕ, ಬಡ್ಡಿಯ ಮೇಲಿನ ಜಿಎಸ್‌ಟಿ ಅಂತ ಸ್ವಲ್ಪ ಬೀಳುವುದು ಸಾಮಾನ್ಯ. ‘ಈಗ ತಗೋ, ಆಮೇಲೆ ಕಟ್ಟು’ ಅನ್ನುವ ಆ್ಯಪ್‌ಗಳೂ ಸಾಲವೇ, ಅವೂ ಕ್ರೆಡಿಟ್ ರಿಪೋರ್ಟಿನಲ್ಲಿ ಕಾಣುತ್ತವೆ. ಕಾರ್ಡ್ ಇದ್ದವರಿಗೆ ಅವು ಬೇಡ.

ಮೋಸದ ಕರೆಗಳ ಬಗ್ಗೆ ನಿಮ್ಮ ವಯಸ್ಸಿನವರಿಗೆ ಜಾಸ್ತಿ ಹೇಳಬೇಕಿಲ್ಲ. ಆದರೂ ಹೊಸ ಕಾರ್ಡ್ ಬಂದ ವಾರದಲ್ಲಿ ‘ಲಿಮಿಟ್ ಹೆಚ್ಚು ಮಾಡ್ತೀವಿ, ಓಟಿಪಿ ಹೇಳಿ’, ‘ಪಾಯಿಂಟ್ ಇವತ್ತೇ ಮುಗಿಯುತ್ತೆ, ಈ ಲಿಂಕ್ ಒತ್ತಿ’ ಅಂತ ಕರೆ ಮೆಸೇಜು ಬಂದರೆ ಗಾಬರಿ ಬೇಡ, ಫೋನ್ ಇಟ್ಟುಬಿಡಿ. ನಿಮ್ಮ ಒಪ್ಪಿಗೆ ಇಲ್ಲದೆ ಲಿಮಿಟ್ ಏರಿಸುವ ಹಾಗೇ ಇಲ್ಲ. ದುಡ್ಡು ಹೋಗಿದ್ದು ಕಂಡರೆ ತಕ್ಷಣ ಕಾರ್ಡ್ ಬ್ಲಾಕ್ ಮಾಡಿ, ಬ್ಯಾಂಕಿಗೆ ತಿಳಿಸಿ ದೂರಿನ ನಂಬರ್ ತಗೊಳ್ಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ತಪ್ಪು ನಿಮ್ಮದಲ್ಲದೆ ಹೊರಗಿನವರ ಕಡೆಯಿಂದ ಆಗಿದ್ದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದವರಿಗೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರ ಸುತ್ತೋಲೆಯಲ್ಲಿ ಹೇಳಿತ್ತು. ಓಟಿಪಿ ನೀವೇ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ನಿಮ್ಮದೇ.

ರೂಮ್‌ಮೇಟ್ ಹೇಳಿದ ಸ್ಕೋರು

ಅವನ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಾರ್ಡ್ ತಗೊಂಡರೆ ಸ್ಕೋರ್ ಬೆಳೆಯುವುದಿಲ್ಲ, ತಿಂಗಳು ತಿಂಗಳು ಕಟ್ಟಿದರೆ ಬೆಳೆಯುತ್ತದೆ. ಸ್ಕೋರು 300ರಿಂದ 900ರವರೆಗೆ ಇರುತ್ತದೆ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಒಟ್ಟು ನಾಲ್ಕು ಸಂಸ್ಥೆಗಳಿವೆ. ಪ್ರತಿಯೊಂದರಿಂದಲೂ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಪುಕ್ಕಟೆ ಸಿಗುತ್ತದೆ. ಮೂರು ತಿಂಗಳಿಗೆ ಒಂದು ಸಂಸ್ಥೆಯಂತೆ ತೆಗೆದರೆ ವರ್ಷಪೂರ್ತಿ ಕಣ್ಣಿಟ್ಟ ಹಾಗಾಯಿತು. ನಿಮಗೆ ಗೊತ್ತಿಲ್ಲದ ಸಾಲ ನಿಮ್ಮ ಹೆಸರಿನಲ್ಲಿ ಕಂಡರೆ ಅಲ್ಲೇ ತಕರಾರು ಹಾಕಬಹುದು.

ಎಂ.ಟೆಕ್ ಸಾಲದ ಬಗ್ಗೆ ಒಂದು ಸಮಾಧಾನದ ಮಾತು. ಶಿಕ್ಷಣ ಸಾಲಕ್ಕೆ ಕ್ರೆಡಿಟ್ ಕಾರ್ಡ್ ಇರಲೇಬೇಕು ಅಂತೇನೂ ಇಲ್ಲ. ಇತಿಹಾಸವೇ ಇಲ್ಲದವರಿಗೂ ಸಾಲ ಕೊಡುತ್ತಾರೆ, ಜತೆಗೆ ಸಹಿ ಹಾಕುವ ತಂದೆ ತಾಯಿಯ ದಾಖಲೆಯನ್ನೂ ನೋಡುತ್ತಾರೆ. ಆದರೆ ಕೆಟ್ಟ ಇತಿಹಾಸ ಇದ್ದರೆ ತೊಂದರೆ. ಹಾಗಾಗಿ ಕಾರ್ಡ್ ಬೇಡ ಅನಿಸಿದರೆ ಬಿಟ್ಟುಬಿಡಿ, ಏನೂ ಕಳೆದುಕೊಳ್ಳುವುದಿಲ್ಲ. ತಗೊಂಡರೆ ಮಾತ್ರ ಒಂದು ತಿಂಗಳೂ ತಪ್ಪಿಸುವ ಹಾಗಿಲ್ಲ. ಕೊನೆಯ ದಿನ ದಾಟಿ ಮೂರು ದಿನ ಮೀರಿದ ಮೇಲೆಯೇ ತಡ ಶುಲ್ಕ ಹಾಕಬೇಕು, ಬ್ಯೂರೋಗೆ ತಿಳಿಸಬೇಕು ಅಂತ ನಿಯಮ ಇದೆ. ಇದು ಮರೆತುಹೋದ ದಿನಕ್ಕೆ ಇರುವ ಆಸರೆ. ದಿನಾ ಇದನ್ನೇ ನಂಬಬೇಡಿ.

ಕಾರ್ಡ್ ಬೇಡವಾದರೆ ಡ್ರಾಯರಿಗೆ ಹಾಕಬೇಡಿ, ಕತ್ತರಿಸಿ ಬಿಸಾಕಲೂ ಬೇಡಿ. ಬಾಕಿ ತೀರಿಸಿ, ಬರವಣಿಗೆಯಲ್ಲಿ ಮುಚ್ಚಲು ಕೇಳಿ. ಏಳು ಕೆಲಸದ ದಿನದೊಳಗೆ ಮುಚ್ಚಬೇಕು. ಬಾಕಿ ಇಲ್ಲದಿದ್ದರೂ ತಡ ಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ನಿಮಗೆ ಕೊಡಬೇಕು. ಮುಚ್ಚಿದ ಪತ್ರ ಕೈಗೆ ಬಂದ ಮೇಲೆ ಎಫ್‌ಡಿ ಬಿಡಿಸಿಕೊಳ್ಳಿ. ಯಾವ ದೂರಿಗೇ ಆಗಲಿ 30 ದಿನದಲ್ಲಿ ಬ್ಯಾಂಕಿನಿಂದ ಸರಿಯಾದ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಕೇಳುವ ಅಧಿಕಾರಿ) ಆನ್‌ಲೈನಿನಲ್ಲೇ ದೂರು ಕೊಡಬಹುದು, ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಕರೆ ಮಾಡಿ. ಫೋನ್ ನಂಬರ್, ಮೇಲ್ ಬದಲಾದ ದಿನವೇ ಬ್ಯಾಂಕಿಗೂ ತಿಳಿಸಿ.

ಇನ್ನು ತಂದೆಯವರು. ಅವರಿಗೆ ಹೇಳದೆ ಕಾರ್ಡ್ ಮಾಡಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮುಂದಿನ ಸಲ ಊರಿಗೆ ಹೋದಾಗ ಬ್ಯಾಂಕಿನ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಒಯ್ದು, ಮೇಲಿನ 12,304ರ ಲೆಕ್ಕವನ್ನು ಅವರ ಮುಂದೆಯೇ ಕೂತು ಮಾಡಿ. ಗಡುವು ಅಂದರೇನು ಅಂತ ಅವರಿಗೆ ಹೇಳಿಕೊಡಬೇಕಾಗಿಲ್ಲ. ಅವರು ಒಪ್ಪಿದರೆ ಎಫ್‌ಡಿಗೆ ಅವರ ಹೆಸರನ್ನೇ ನಾಮಿನಿಯಾಗಿ ಹಾಕಿಸಿ. ಮೊದಲ ಬಿಲ್ಲು ಬಂದು ಪೂರ್ತಿ ಕಟ್ಟಾದ ಮೇಲೆ ಪಾಸ್‌ಬುಕ್ ಎಂಟ್ರಿ ಮಾಡಿಸಿ ಅವರಿಗೆ ತೋರಿಸಿ.